ಅರಸನಿಗೆ ಒಂದೇ ನೆಗೆತ

ಹೊಸಪೇಟೆಯಿಂದ ಕಂಪ್ಲಿಗೆ ಸುಮಾರು 30 ಕಿಲೋಮೀಟರುಗಳ ಹಾದಿ. ನಡುವೆ ಕಬ್ಬಿನ ಗದ್ದೆಗಳು, ಬಾಳೆಯ ತೋಟಗಳು, ತುಂಗಭದ್ರೆಯ ಕಾಲುವೆಗಳು. ಆಡುವ ಮಾತು ಒಂದೇ, ಆಚರಿಸುವ ಹಬ್ಬಗಳೂ ಅವೇ. ಆದರೂ ನಾನು ಹುಡುಗನಾಗಿದ್ದ ಕಾಲದಲ್ಲಿ ಹೊಸಪೇಟೆಯ ನಮ್ಮ ಮನೆಯಲ್ಲಿಯೂ ಕಂಪ್ಲಿಯ ನನ್ನ ಸೋದರಮಾವನ ಮನೆಯಲ್ಲಿಯೂ ಚದುರಂಗದ ಅರಸನಿಗೆ ಬೇರೆ ಬೇರೆ ಶಾಸನಗಳಿದ್ದುವು. ಆ ಭೇದದ ದೆಸೆಯಿಂದ ಒಂದು ವಿಜಯದಶಮಿಯ ಸಂಜೆ ನಡೆದ ಸಣ್ಣ ಘಟನೆಯೊಂದು ನನ್ನನ್ನು ಈ ವಯಸ್ಸಿನವರೆಗೂ ಬಿಡದೆ ಹಿಂಬಾಲಿಸಿದೆ. ಇತಿಹಾಸವನ್ನು ಓದಿ, ಓದಿಸಿ ಬದುಕಿದವನು ನಾನು. ಆದುದರಿಂದ ಆ ಮನೆಜಗಳದ ತೀರ್ಪನ್ನೂ ಇತಿಹಾಸದಲ್ಲಿಯೇ ಹುಡುಕಿದೆನೆಂದರೆ ತಾವು ಮನ್ನಿಸಬೇಕು.

ಅರಸನ ನಡೆಯನ್ನು ಮೊದಲು ಹೇಳಿಬಿಡುತ್ತೇನೆ. ಅರವತ್ತನಾಲ್ಕು ಮನೆಗಳ ಹಲಗೆಯ ಮೇಲೆ ಅರಸನು ಎಂಟು ದಿಕ್ಕುಗಳಿಗೂ ಚಲಿಸಬಲ್ಲ. ಆದರೆ ಒಂದು ಸಲಕ್ಕೆ ಒಂದೇ ಮನೆ. ಪಕ್ಕದ ಮನೆಯಲ್ಲಿ ಎದುರಾಳಿಯ ಬಲವೊಂದು ಬಂದು ನಿಂತಿದ್ದರೆ ಅದನ್ನು ಹೊಡೆದು ಆ ಮನೆಯನ್ನು ತಾನು ಹಿಡಿಯಬಲ್ಲ. ಆನೆಯೇ ಆಗಲಿ, ಮಂತ್ರಿಯೇ ಆಗಲಿ, ಕಾಲಾಳೇ ಆಗಲಿ, ಅವನ ಕತ್ತಿಗೆ ಎಲ್ಲವೂ ಸಮಾನ. ಆದರೆ ಆ ಬಲಕ್ಕೆ ಬೆಂಬಲವಾಗಿ ಇನ್ನೊಂದು ಬಲ ನಿಂತಿದ್ದರೆ ಅದನ್ನು ಮುಟ್ಟುವಂತಿಲ್ಲ. ಏಕೆಂದರೆ ಶತ್ರುವಿನ ಹೊಡೆತ ಬೀಳುವ ಮನೆಗೆ ಅರಸನು ತಾನಾಗಿ ಕಾಲಿಡಲಾಗದು. ಇದೇ ಕಾರಣಕ್ಕೆ ಇಬ್ಬರು ಅರಸರು ಎಂದಿಗೂ ಪಕ್ಕಪಕ್ಕದ ಮನೆಗಳಲ್ಲಿ ನಿಲ್ಲಲಾರರು. ಶತ್ರುವಿನ ಬಲ ಅರಸನ ಮೇಲೆ ಗುರಿಯಿಟ್ಟರೆ ಅದಕ್ಕೆ ಶಹ ಎನ್ನುತ್ತೇವೆ. ಆಗ ಅರಸನು ಸರಿಯಬೇಕು, ಇಲ್ಲವೇ ನಡುವೆ ಮತ್ತೊಂದು ಬಲವನ್ನು ಅಡ್ಡ ನಿಲ್ಲಿಸಬೇಕು, ಇಲ್ಲವೇ ಶಹ ಕೊಟ್ಟವನನ್ನು ಹೊಡೆದುಹಾಕಬೇಕು. ಈ ಮೂರೂ ಸಾಧ್ಯವಾಗದಿದ್ದರೆ ಆಟ ಮುಗಿಯಿತು.

ಇಷ್ಟು ಎಲ್ಲ ಕಡೆಯೂ ಉಂಟು. ನಮ್ಮ ನಾಡಿನ ಹಳೆಯ ಆಟದಲ್ಲಿ ಇದರ ಮೇಲೆ ಇನ್ನೊಂದು ಸವಲತ್ತಿತ್ತು. ಇಡೀ ಆಟದಲ್ಲಿ ಒಂದೇ ಒಂದು ಸಲ ಅರಸನು ಕುದುರೆಯಂತೆ ನೆಗೆಯಬಹುದಾಗಿತ್ತು. ಒಮ್ಮೆ ಶಹ ಬಿದ್ದ ಅರಸನಿಗೆ ಆ ಭಾಗ್ಯ ತಪ್ಪಿಹೋಗುತ್ತಿತ್ತು. ಇಲ್ಲಿಯವರೆಗೆ ನನ್ನ ತಂದೆಯವರಿಗೂ ಸೋದರಮಾವನಿಗೂ ಒಮ್ಮತವೇ. ಒಡಕು ಬಂದುದು ಮುಂದಿನ ಹೆಜ್ಜೆಯಲ್ಲಿ: ಹಾಗೆ ನೆಗೆದ ಅರಸನು ಆ ನೆಗೆತದಲ್ಲಿಯೇ ಶತ್ರುವಿನ ಬಲವನ್ನು ಹೊಡೆಯಬಹುದೇ, ಬಾರದೇ?

ಆ ಸಂಜೆ ಬನ್ನಿ ಕೊಟ್ಟು ನಮಸ್ಕರಿಸಲು ಬರುವವರೆಲ್ಲ ಬಂದು ಹೋದ ಮೇಲೆ ಪಡಸಾಲೆಯಲ್ಲಿ ಹಲಗೆ ಹಾಸಿತ್ತು. ತಂದೆಯವರ ಆಟ ಒಳ್ಳೆಯ ಸ್ಥಿತಿಯಲ್ಲಿತ್ತು. ಸೋದರಮಾವ ಬಹಳ ಹೊತ್ತು ಯೋಚಿಸಿ, ತಮ್ಮ ಅರಸನನ್ನು ಎತ್ತಿ, ಕುದುರೆಯ ಹಾಗೆ ನೆಗೆಸಿ, ತಂದೆಯವರ ಆನೆಯನ್ನು ಹೊಡೆದು ಪಕ್ಕಕ್ಕಿಟ್ಟರು.

ತಂದೆಯವರು ಹೇಳಿದರು: “ಭಾವನವರೆ, ಅರಸು ಕುದುರೆ ಏರುವುದು ತಪ್ಪಿಸಿಕೊಳ್ಳುವುದಕ್ಕೆ, ಕಡಿಯುವುದಕ್ಕಲ್ಲ.”

ಸೋದರಮಾವ ನಗುತ್ತಲೇ ಉತ್ತರಿಸಿದರು: “ಕುದುರೆ ಏರಿದ ಅರಸು ಕತ್ತಿಯನ್ನು ಮನೆಯಲ್ಲಿ ಬಿಟ್ಟು ಬರುತ್ತಾನೇನು, ಭಾವನವರೆ?”

ಸುತ್ತ ಕುಳಿತಿದ್ದವರೆಲ್ಲ ನಕ್ಕರು. ಆಡುತ್ತಿದ್ದ ಇಬ್ಬರೂ ನಕ್ಕರು. ಆದರೆ ಒಬ್ಬರು ಆನೆಯನ್ನು ಹಿಂದಿರುಗಿಸಲಿಲ್ಲ, ಇನ್ನೊಬ್ಬರು ಮುಂದಿನ ನಡೆಯನ್ನು ನಡೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ತಾಯಿ ಊಟಕ್ಕೆ ಕರೆದರು. ಹಲಗೆ ಅಟ್ಟವನ್ನೇರಿತು. ಅವರಿಬ್ಬರೂ ಮತ್ತೆ ಎಂದೂ ಎದುರುಬದುರು ಕುಳಿತು ಚದುರಂಗವಾಡಲಿಲ್ಲ. ಹೋಗುವುದು ಬರುವುದು ನಿಲ್ಲಲಿಲ್ಲ. ಮದುವೆ ಮುಂಜಿಗಳಲ್ಲಿ ಕೂಡಿ ಓಡಾಡಿದರು. ಆದರೆ ಪ್ರತಿ ದಸರೆಗೂ ಆ ಪಡಸಾಲೆಯಲ್ಲಿ ಇಬ್ಬರ ನಡುವೆ ಒಂದು ಹಲಗೆಯಷ್ಟು ಜಾಗ ಬರಿದಾಗಿಯೇ ಉಳಿಯುತ್ತಿತ್ತು. ಅದನ್ನು ಕಂಡು ನೊಂದವರು ನನ್ನ ತಾಯಿ. ಒಂದು ಕಡೆ ಗಂಡ, ಒಂದು ಕಡೆ ಅಣ್ಣ. ಅವರು ಯಾವ ಶಾಸ್ತ್ರವನ್ನು ಹೇಳಿಯಾರು?

ಶಾಸ್ತ್ರವನ್ನು ನಾನು ಹುಡುಕಿದೆ. ಇಂದು ಜಗತ್ತೆಲ್ಲ ಒಪ್ಪಿರುವ ನಿಯಮದಲ್ಲಿ ಈ ನೆಗೆತವೇ ಇಲ್ಲ. ಅದರ ಬದಲಿಗೆ ಕೋಟೆ ಕಟ್ಟುವ ಕ್ರಮವಿದೆ: ಅರಸನು ತನ್ನ ಆನೆಯ ಕಡೆಗೆ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಆಚೆಯ ಮಗ್ಗುಲಲ್ಲಿ ನಿಲ್ಲುತ್ತದೆ. ಇಬ್ಬರೂ ಅದುವರೆಗೆ ಅಲುಗಿರಬಾರದು, ನಡುವೆ ಯಾವ ಬಲವೂ ಇರಬಾರದು, ಅರಸನಿಗೆ ಆಗ ಶಹ ಇರಬಾರದು, ಅವನು ದಾಟುವ ಮನೆಯ ಮೇಲಾಗಲಿ ಸೇರುವ ಮನೆಯ ಮೇಲಾಗಲಿ ಶತ್ರುವಿನ ಕಣ್ಣಿರಬಾರದು. ಕೋಟೆ ಕಟ್ಟುತ್ತ ಯಾರನ್ನೂ ಹೊಡೆಯುವಂತಿಲ್ಲ. ಈ ಕ್ರಮ ಯೂರೋಪಿನಲ್ಲಿ ರೂಪುಗೊಳ್ಳತೊಡಗಿದುದು ಹದಿನಾರನೆಯ ಶತಮಾನದಲ್ಲಿ. ಅದಕ್ಕಿಂತ ಹಿಂದೆ ಅಲ್ಲಿಯ ಅರಸನಿಗೂ ಆಟಕ್ಕೊಂದು ನೆಗೆತವಿತ್ತು; ಅದು ಎಷ್ಟು ದೂರ, ಯಾವ ದಿಕ್ಕಿಗೆ ಎಂಬುದರಲ್ಲಿ ದೇಶದೇಶಕ್ಕೂ ವ್ಯತ್ಯಾಸ. ಎಂದರೆ ನಮ್ಮ ಪಡಸಾಲೆಯ ನೆಗೆತ ಹಳ್ಳಿಗರ ಕಲ್ಪನೆಯಲ್ಲ; ಅದು ಈ ಆಟದ ಹಳೆಯ ವಂಶಕ್ಕೇ ಸೇರಿದ್ದು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇಂಥ ನಾಡ ನಿಯಮಗಳಲ್ಲಿಯೇ ಆಟ ಕಲಿತವನು. ಹೊರಗಿನ ನಿಯಮಗಳನ್ನು ತಡವಾಗಿ ಅಭ್ಯಾಸಮಾಡಿಯೂ ಆತ 1929, 1932 ಮತ್ತು 1933ರಲ್ಲಿ ಬ್ರಿಟನ್ನಿನ ಚಾಂಪಿಯನ್ ಪದವಿಯನ್ನು ಗೆದ್ದ.

ಇನ್ನೂ ಹಿಂದಕ್ಕೆ ಹೋದರೆ ಕನ್ನಡ ನಾಡಿನಲ್ಲಿಯೇ ಒಬ್ಬ ಅರಸನು ಈ ಆಟವನ್ನು ಗ್ರಂಥಸ್ಥಗೊಳಿಸಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಸಂಗೀತ, ಆನೆ, ಕುದುರೆಗಳ ಜೊತೆಗೆ ಚದುರಂಗಕ್ಕೂ ಸ್ಥಾನವಿದೆ. ಇಬ್ಬರು ಆಡುವ ಆಟವೂ ಅಲ್ಲಿದೆ, ದಾಳ ಹಾಕಿ ನಾಲ್ವರು ಆಡುವ ಆಟವೂ ಇದೆ. ನಾಲ್ವರ ಆಟವನ್ನು ಅದಕ್ಕಿಂತ ಒಂದು ಶತಮಾನ ಮೊದಲೇ ಅಲ್ಬೇರೂನಿ ವರ್ಣಿಸಿದ್ದಾನೆ. ಮುಂದೆ ಬಂಗಾಳದ ಸ್ಮೃತಿಕಾರ ರಘುನಂದನನ ‘ತಿಥಿತತ್ತ್ವ’ದಲ್ಲಿಯೂ ಅದರ ನಿಯಮಗಳು ಬರುತ್ತವೆ. ಅಲ್ಲಿ ಅರಸನ ಪಾಡೇ ಬೇರೆ. ಉಳಿದ ಬಲಗಳಂತೆ ಅವನನ್ನೂ ಹೊಡೆಯಬಹುದು. ಒಬ್ಬ ಅರಸನು ಮತ್ತೊಬ್ಬ ಅರಸನ ಮನೆಯನ್ನು ಹೊಕ್ಕರೆ ಅದಕ್ಕೆ ‘ಸಿಂಹಾಸನ’ ಎಂದು ಹೆಸರು. ಹಾಗೆ ಹೊಗುವಾಗ ಆ ಮನೆಯ ಅರಸನನ್ನೇ ಹೊಡೆದರೆ ಪಣ ಇಮ್ಮಡಿ. ಎದುರಿನ ಮೂವರು ಅರಸರನ್ನೂ ಹೊಡೆದರೆ ‘ಚತುರಾಜಿ’.

ಅರಸನನ್ನು ಹೊಡೆಯದೆ ಕೇವಲ ನಿರುಪಾಯನನ್ನಾಗಿ ಮಾಡಿ ಬಿಡುವುದು ಇಬ್ಬರ ಆಟದ ಸಂಸ್ಕಾರ. ಕೊನೆಯ ಏಟು ಅಲ್ಲಿ ಬೀಳುವುದೇ ಇಲ್ಲ. ನಾವು ಹೇಳುವ ‘ಶಹ’ವೂ ‘ಮಾತ್’ ಎಂಬ ಮುಕ್ತಾಯವೂ ಪಾರಸಿಯ ದಾರಿಯಿಂದ ಬಂದ ಮಾತುಗಳು. ‘ಮಾತ್’ ಎಂದರೆ ಸತ್ತನು ಎಂದು ಅರಬ್ಬಿಯಿಂದ ಅರ್ಥ ಹೇಳುವುದು ರೂಢಿ. ಪಾರಸಿಯ ಮೂಲದಲ್ಲಿ ದಿಕ್ಕುಗೆಟ್ಟನು, ಗತಿಗೆಟ್ಟನು ಎಂಬ ಭಾವವಿದೆ ಎನ್ನುತ್ತಾರೆ ಬಲ್ಲವರು. ಆಟದ ರೀತಿಗೆ ಈ ಎರಡನೆಯ ಅರ್ಥವೇ ಒಪ್ಪುತ್ತದೆ.

ಈ ಸಂಸ್ಕಾರವನ್ನು ಕಾಣಲು ಪುಸ್ತಕವೇ ಬೇಕಾಗಿಲ್ಲ; ಹಂಪೆಗೆ ಹೋದರೆ ಸಾಕು. ಅಲ್ಲಿಯ ಮಂಟಪಗಳ ನೆಲಗಲ್ಲುಗಳಲ್ಲಿಯೂ ಬಯಲ ಬಂಡೆಗಳ ಮೇಲೂ ಆಟದ ಮನೆಗಳನ್ನು ಕೊರೆದಿರುವುದನ್ನು ತಾವು ಕಂಡಿರಬಹುದು. ಚೌಕಾಬಾರದ ಮನೆಗಳಿವೆ, ಅಳಗುಳಿಮನೆಯ ಕುಳಿಗಳಿವೆ, ಹುಲಿ ಕುರಿ ಆಟದ ಗೆರೆಗಳಿವೆ. ಸೂರ್ಯಾಸ್ತವನ್ನು ನೋಡಲು ನಿಂತವರ ಕಾಲಡಿಯಲ್ಲಿ ಇವು ಸವೆಯುತ್ತಿವೆ. ಹುಲಿ ಕುರಿ ಆಟವನ್ನು ಬಲ್ಲವರು ಒಂದು ಕ್ಷಣ ನೆನೆಯಲಿ. ಹುಲಿ ಕುರಿಯನ್ನು ಹಾರಿ ಕೊಲ್ಲುತ್ತದೆ. ಕುರಿ ಹುಲಿಯನ್ನು ಕೊಲ್ಲಲಾರದು. ಕುರಿಗಳೆಲ್ಲ ಸೇರಿ, ಒಂದರ ಬೆನ್ನಿಗೆ ಒಂದು ನಿಂತು, ಹುಲಿಗೆ ಕಾಲಿಡಲು ಮನೆಯೇ ಇಲ್ಲದಂತೆ ಮಾಡಿದಾಗ ಹುಲಿ ಸೋಲುತ್ತದೆ. ಚದುರಂಗದ ಅರಸನ ಸೋಲೂ ಇದೇ ಜಾತಿಯದು. ಕೆಲಸ ಮುಗಿದ ಹೊತ್ತಿನಲ್ಲಿ ಈ ಗೆರೆಗಳ ಬಳಿ ಕುಳಿತು ಆಡಿದವರು ಯಾರೋ, ಅರಮನೆಯ ಹಲಗೆಯನ್ನು ನೋಡದೆಯೇ ಅದರ ಮರ್ಮವನ್ನು ಬಲ್ಲವರಾಗಿದ್ದರು.

ಅರಮನೆಯಲ್ಲಿಯೂ ಆಟವಿತ್ತು. ಕೃಷ್ಣದೇವರಾಯನ ಕಾಲದಲ್ಲಿ ಬೊಡ್ಡುಚೆರ್ಲ ತಿಮ್ಮನನೆಂಬ ತೆಲುಗು ಕವಿಯಿದ್ದನೆಂದೂ, ಅವನು ರಾಯನೊಡನೆ ಚದುರಂಗವಾಡಿ ಗೆಲ್ಲುತ್ತಿದ್ದನೆಂದೂ, ರಾಯನು ಮೆಚ್ಚಿ ಕೊಪ್ಪೋಲು ಎಂಬ ಊರನ್ನು ಉಂಬಳಿಯಾಗಿ ಕೊಟ್ಟನೆಂದೂ ತೆಲುಗಿನ ಚಾಟುಪರಂಪರೆ ಹೇಳುತ್ತದೆ. ಚಾಟುವಿನ ಮಾತನ್ನು ಶಾಸನದಂತೆ ತೂಗಬಾರದು, ನಿಜ. ಆದರೂ ಈ ಕಥೆಯನ್ನು ಕಟ್ಟಿದವರ ಅಭಿರುಚಿಗೆ ತಲೆದೂಗುತ್ತೇನೆ. ಯುದ್ಧದಲ್ಲಿ ಸೋಲರಿಯದ ರಾಯನು ಹಲಗೆಯ ಮೇಲೆ ಸೋತು, ಸೋಲಿಸಿದವನಿಗೆ ಊರನ್ನು ಕೊಟ್ಟ ಎನ್ನುವಲ್ಲಿ ರಾಯನು ಇನ್ನಷ್ಟು ದೊಡ್ಡವನಾಗುತ್ತಾನೆ.

ಈಗ ನಮ್ಮ ಪಡಸಾಲೆಯ ಪ್ರಶ್ನೆಗೆ ಬರುತ್ತೇನೆ. ಇಕ್ಕಟ್ಟಿಗೆ ಸಿಕ್ಕ ಅರಸನು ನೆಗೆಯುವುದು ಕಡಿಯುವುದಕ್ಕೋ, ತಪ್ಪಿಸಿಕೊಳ್ಳುವುದಕ್ಕೋ? ನಮ್ಮ ಸೀಮೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿವೆ.

ಮೊದಲನೆಯದು ಕಂಪ್ಲಿಯದು. 1326ರ ಸುಮಾರಿಗೆ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಮೇಲೆ ಅವನ ಬಂಧುವೇ ಆದ ಬಹಾಉದ್ದೀನ್ ಗುರ್ಷಾಸ್ಪನು ಸಗರದಲ್ಲಿ ದಂಗೆಯೆದ್ದು, ಸೋತು, ಕಂಪಿಲರಾಯನ ಮೊರೆಹೊಕ್ಕನು. ಅವನನ್ನು ಒಪ್ಪಿಸಿದ್ದರೆ ಕಂಪಿಲನ ಪುಟ್ಟ ರಾಜ್ಯ ಉಳಿಯುತ್ತಿತ್ತೇನೋ. ಕಂಪಿಲನು ಒಪ್ಪಿಸಲಿಲ್ಲ. ದೆಹಲಿಯ ಸೈನ್ಯ ಮತ್ತೆ ಮತ್ತೆ ಬಂದಿತು. ಕೋಟೆಯಲ್ಲಿ ಕೂಳು ತೀರಿತು. ಆಗ ಅವನು ಮಾಡಿದುದನ್ನು ಇಬ್ನ್ ಬತೂತನು ಬರೆದಿಟ್ಟಿದ್ದಾನೆ. ಅತಿಥಿಯನ್ನು ಮೊದಲು ಇನ್ನೊಬ್ಬ ಅರಸನ ಬಳಿಗೆ ಸುರಕ್ಷಿತವಾಗಿ ಕಳುಹಿಸಿಕೊಟ್ಟನು. ಆ ಅರಸನು ಹೊಯ್ಸಳ ಮೂರನೆಯ ಬಲ್ಲಾಳ. ಅಂತಃಪುರದ ಸ್ತ್ರೀಯರು ಬೆಂಕಿಯನ್ನು ಹೊಕ್ಕರು. ಕಂಪಿಲನು ತನ್ನವರೊಡನೆ ಕೋಟೆಯ ಬಾಗಿಲಿನಿಂದ ಹೊರಬಿದ್ದು ಕಾದಿ ಮಡಿದನು. ಅದು 1327. ಬಲ್ಲಾಳನು ಅತಿಥಿಯನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿದನೆಂಬುದು ಕಥೆಯ ಕಹಿಯಾದ ಭಾಗ. ಕಂಪಿಲನ ಮಗ ಕುಮಾರರಾಮನು ಜನರ ನಾಲಗೆಯ ಮೇಲೆ ಇಂದಿಗೂ ಬದುಕಿದ್ದಾನೆ. ಅವನ ಕಥೆಯಲ್ಲಿಯೂ ಒಂದು ಆಟ ಬರುತ್ತದೆ: ಚೆಂಡಾಟದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ, ಅದನ್ನು ತರಲು ಹೋದವನ ತಲೆಗೆ ಅಪವಾದ ಬರುತ್ತದೆ, ಅರಸನು ಮಗನ ತಲೆಯನ್ನೇ ಕೇಳುತ್ತಾನೆ. ಆಗ ಅವನನ್ನು ಬಚ್ಚಿಟ್ಟು ಉಳಿಸುವವನು ಮಂತ್ರಿ ಬೈಚಪ್ಪ.

ಎರಡನೆಯ ಉತ್ತರ ಹಂಪೆಯದು. 1565ರ ಜನವರಿ 23ರಂದು ಕೃಷ್ಣಾತೀರದ ಕಾಳಗದಲ್ಲಿ ಮುಪ್ಪಿನ ರಾಮರಾಯನು ಸೆರೆಸಿಕ್ಕಿ ಶಿರಚ್ಛೇದಕ್ಕೆ ಗುರಿಯಾದನು, ಸೈನ್ಯ ಚದುರಿಹೋಯಿತು. ನಾವೆಲ್ಲ ಇದನ್ನು ಅರಸನು ಬಿದ್ದುದರಿಂದ ಆಟ ಮುಗಿದ ದೃಷ್ಟಾಂತವಾಗಿ ಹೇಳುತ್ತೇವೆ. ಆದರೆ ಹಲಗೆಯನ್ನು ಸರಿಯಾಗಿ ನೋಡಬೇಕು. ಅಂದಿನ ಅರಸನು ಸದಾಶಿವರಾಯ. ಅವನು ಹೆಸರಿಗೆ ಮಾತ್ರ ಅರಸ, ಆಳುತ್ತಿದ್ದವನು ರಾಮರಾಯ. ಎಂದರೆ ಬಿದ್ದವನು ಅರಸನಲ್ಲ, ಮಂತ್ರಿಯ ಸ್ಥಾನದಲ್ಲಿದ್ದವನು. ಪಾರಸಿಯ ಹಳೆಯ ಆಟದಲ್ಲಿ ಮಂತ್ರಿಗೆ ಮೂಲೆಯ ದಿಕ್ಕಿಗೆ ಒಂದೇ ಹೆಜ್ಜೆ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನಲ್ಲಿ ಅವನ ಸ್ಥಾನದ ಬಲಕ್ಕೆ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಓಡುವ ಅಧಿಕಾರ ಬಂದಿತು. ಅದಾದ ಅರ್ಧ ಶತಮಾನದೊಳಗೆ ವಿಜಯನಗರದಲ್ಲಿಯೂ ಮಂತ್ರಿಯ ನಡೆ ಎಲ್ಲ ದಿಕ್ಕಿಗೂ ಚಾಚಿಕೊಂಡಿತೆನ್ನುವುದು ಕಾಕತಾಳೀಯವೇ ಸರಿ. ಆದರೆ ಮಂತ್ರಿಯೊಬ್ಬನ ಮೇಲೆಯೇ ಇಡೀ ಆಟವನ್ನು ನಿಲ್ಲಿಸಿದವನ ಗತಿ ಏನಾಗುತ್ತದೆ ಎಂಬುದನ್ನು ಆಡಿದವರೆಲ್ಲ ಬಲ್ಲರು.

ಅರಸನೇನಾದ? ರಾಮರಾಯನ ತಮ್ಮ ತಿರುಮಲನು ರಾಜಧಾನಿಗೆ ಧಾವಿಸಿ, 550 ಆನೆಗಳ ಮೇಲೆ ಭಂಡಾರವನ್ನು ಹೇರಿಸಿ, ಸದಾಶಿವರಾಯನನ್ನು ಕರೆದುಕೊಂಡು ಪೆನುಕೊಂಡೆಯ ದಾರಿ ಹಿಡಿದನೆಂದು ಸಿವೆಲ್ ತನ್ನ 1900ರ ಗ್ರಂಥದಲ್ಲಿ ಹೇಳುತ್ತಾನೆ. ಇದು ಹೊಡೆತವಿಲ್ಲದ ನೆಗೆತ. ಹಿಂದೆ ಉಳಿದ ನಗರದ ಜನರ ಪಾಡನ್ನು ನೆನೆದರೆ ಈ ನೆಗೆತವನ್ನು ಹೊಗಳಲು ನಾಲಗೆ ಏಳದು. ಆದರೆ ಆ ನೆಗೆತದಿಂದಲೇ ರಾಜ್ಯವೆಂಬುದೊಂದು ಪೆನುಕೊಂಡೆ, ಚಂದ್ರಗಿರಿ, ವೇಲೂರುಗಳಲ್ಲಿ ಹದಿನೇಳನೆಯ ಶತಮಾನದ ನಡುಭಾಗದವರೆಗೆ ಉಸಿರು ಹಿಡಿದಿತ್ತು. ಕಂಪಿಲನ ಹಿಂದೆ ಕಂಪಿಲಿ ರಾಜ್ಯ ಉಳಿಯಲಿಲ್ಲ, ಹೆಸರು ಉಳಿಯಿತು. ತಿರುಮಲನ ಹಿಂದೆ ರಾಜ್ಯ ಉಳಿಯಿತು, ಅವನ ಹೆಸರನ್ನು ಹಾಡುವವರು ಯಾರೂ ಇಲ್ಲ. ಕಂಪ್ಲಿಯ ನನ್ನ ಸೋದರಮಾವ ಕತ್ತಿ ಹಿಡಿದು ನೆಗೆಯುವ ಅರಸನನ್ನು ಬಯಸಿದ್ದೂ, ಹಂಪೆಯ ಮಗ್ಗುಲಲ್ಲಿ ಬೆಳೆದ ನನ್ನ ತಂದೆ ತಪ್ಪಿಸಿಕೊಳ್ಳುವ ಅರಸನನ್ನು ಬಯಸಿದ್ದೂ ಈ ಕಾರಣಕ್ಕೆ ಎಂದು ನಾನು ಹೇಳಿದರೆ ಅದು ಇತಿಹಾಸವಾಗುವುದಿಲ್ಲ, ವಾತ್ಸಲ್ಯವಾಗುತ್ತದೆ. ಅಷ್ಟನ್ನು ನಾನು ಬಲ್ಲೆ.

ಅರಸನಿಗೆ ಮೂರನೆಯ ದಾರಿಯೂ ಇದೆಯೆಂದು ತೋರಿಸಿದವರು ಬೇರೆಯವರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಆಡಳಿತ ಜಾರಿತು. 1868ರಲ್ಲಿ ಕಾಲವಾಗುವವರೆಗೆ ಅವರು ಅರಸರಾಗಿಯೇ ಇದ್ದರು, ಆಳಲು ನಾಡು ಕೈಯಲ್ಲಿರಲಿಲ್ಲ. ಆ ಪ್ರಭುವಿನ ಮನಸ್ಸನ್ನು ಸೆಳೆದ ವಿನೋದಗಳಲ್ಲಿ ಒಂದು ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವುದು. ಒಂದು ಮನೆಯಲ್ಲಿ ನಿಂತ ಅರಸನು ಇಡೀ ಹಲಗೆಯನ್ನು ಕುದುರೆಯ ಕಾಲಿನಿಂದ ಸುತ್ತಿದನು. ನಮ್ಮ ನೆರೆಯ ಸೊಂಡೂರಿನ ಕಥೆ ಇನ್ನೂ ಸೊಗಸು. ಘೋರ್ಪಡೆ ಮನೆತನದ ಆ ಪುಟ್ಟ ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತಕ್ಕೆ ಸೇರಿತು. 1971ರಲ್ಲಿ ದೇಶದ ಎಲ್ಲ ರಾಜರ ರಾಜಧನವೂ ನಿಂತಿತು. ಅದರ ಬೆನ್ನಿಗೇ ಆ ಮನೆತನದ ಎಂ. ವೈ. ಘೋರ್ಪಡೆಯವರು ಕರ್ನಾಟಕದ ಹಣಕಾಸಿನ ಮಂತ್ರಿಗಳಾದರು. ಕಾಲಾಳು ಮುನ್ನಡೆದು ಮಂತ್ರಿಯಾಗುವುದನ್ನು ಹಲಗೆಯ ಮೇಲೆ ಕಂಡಿದ್ದೇವೆ. ಅರಸನೇ ಮಂತ್ರಿಯಾಗುವ ನಡೆಯನ್ನು ಯಾವ ಶಾಸ್ತ್ರಕಾರನೂ ಬರೆದಿರಲಿಲ್ಲ. ಆ ಮಂತ್ರಿಮಂಡಲದ ಮುಖ್ಯಸ್ಥರ ಹೆಸರೋ, ದೇವರಾಜ ಅರಸು!

ತೀರ್ಪು ಏನೆಂದು ತಾವು ಕೇಳಬಹುದು. ನಾಡ ಆಟದಲ್ಲಿ ಇಂಥ ವಿವರಗಳು ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆಯಾಗುತ್ತಿದ್ದುವು. ಆದುದರಿಂದ ಇಬ್ಬರದೂ ಸರಿ. ತಪ್ಪಿದುದು ಒಂದೇ: ಬಲಗಳನ್ನು ಹೂಡುವ ಮೊದಲು ನಿಮ್ಮ ಮನೆಯಲ್ಲಿ ಅರಸನ ನಡೆ ಹೇಗೆ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಲಿಲ್ಲ. ಅಷ್ಟು ವರ್ಷಗಳ ಬಳಕೆಯಲ್ಲಿ ಕೇಳುವ ಅಗತ್ಯವಿದೆಯೆಂದು ಇಬ್ಬರಿಗೂ ತೋರಲಿಲ್ಲ.

ಈ ತೀರ್ಪನ್ನು ಹೇಳುವಷ್ಟು ನಾನು ಬಲ್ಲವನಾಗುವ ಹೊತ್ತಿಗೆ ನನ್ನ ತಂದೆ ತೀರಿಕೊಂಡಿದ್ದರು. ಆ ವರ್ಷದ ದಸರೆಗೆ ಹಬ್ಬವಿರಲಿಲ್ಲ. ಆದರೂ ಸೋದರಮಾವ ಕಂಪ್ಲಿಯಿಂದ ಬಂದರು. ಕೋಲೂರಿ ನಡೆಯುವ ವಯಸ್ಸು. ಪಡಸಾಲೆಯಲ್ಲಿ ಕುಳಿತು, “ಅಟ್ಟದ ಮೇಲಿನ ಹಲಗೆಯನ್ನು ಇಳಿಸಪ್ಪ” ಎಂದರು. ಇಳಿಸಿದೆ, ಧೂಳು ಒರೆಸಿದೆ. ಅವರು ಬಲಗಳನ್ನು ಒಂದೊಂದಾಗಿ ಹೂಡತೊಡಗಿದರು. ಆಟದ ಆರಂಭಕ್ಕೆ ಹೂಡುವಂತೆ ಅಲ್ಲ. ಒಂದು ಕಾಲಾಳು ಅಲ್ಲಿ, ಒಂದು ಕುದುರೆ ಇಲ್ಲಿ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಆ ಸಂಜೆ ನಿಂತುಹೋದ ಆಟ. ಒಂದು ಮನೆಯನ್ನೂ ಅವರು ಮರೆತಿರಲಿಲ್ಲ.

ಕೊನೆಯಲ್ಲಿ ಅವರು ತಮ್ಮ ಅರಸನನ್ನು ನೆಗೆಯುವುದಕ್ಕೆ ಮೊದಲಿನ ಮನೆಯಲ್ಲಿ ಇಟ್ಟರು. ತಂದೆಯವರ ಆನೆಯನ್ನು ಅದರ ಮನೆಯಲ್ಲಿ ನಿಲ್ಲಿಸಿದರು. ಅಡುಗೆಮನೆಯ ಬಾಗಿಲಲ್ಲಿ ನನ್ನ ತಾಯಿ ಬಂದು ನಿಂತರು. ಸೋದರಮಾವ ಅರಸನನ್ನು ಪಕ್ಕಕ್ಕೆ ಒಂದು ಮನೆ ಮಾತ್ರ ಸರಿಸಿ, ನನ್ನತ್ತ ನೋಡಿ ಹೇಳಿದರು:

“ಇನ್ನು ಭಾವನವರ ಸರದಿ. ಅವರ ಪರವಾಗಿ ನೀನು ಆಡು.”

(ಬಾನುಲಿ ಭಾಷಣ)